ನೂರಕ್ಕೆ ಮೂರರ ಕಲ್ಲು

2025ರ ಫೆಬ್ರವರಿಯಲ್ಲಿ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಕ್ರಿಕೆಟ್ ಸ್ಕೋರಿನ ಜೊತೆಗೆ ಒಂದು ಕಲ್ಲಿನ ಸ್ಕೋರೂ ಓಡುತ್ತಿತ್ತು. ಜನವರಿ ಕೊನೆಗೆ ನೂರಕ್ಕೆ ಒಂದು ದಾಟಿತ್ತು. ಫೆಬ್ರವರಿ ಮೊದಲ ವಾರ ಎರಡು ದಾಟಿತು. 18ನೇ ತಾರೀಖು ಮಂಗಳವಾರ, ಚಾಂಪಿಯನ್ಸ್ ಟ್ರೋಫಿ ಶುರುವಾಗುವುದಕ್ಕೆ ಒಂದು ದಿನ ಮೊದಲು, 3.1ಕ್ಕೆ ಬಂದು ನಿಂತಿತು. 2032ರ ಡಿಸೆಂಬರ್ 22ರಂದು 2024 ವೈಆರ್4 ಎಂಬ ಕ್ಷುದ್ರಗ್ರಹ ಭೂಮಿಗೆ ಬಡಿಯುವ ಸಾಧ್ಯತೆ ನೂರಕ್ಕೆ 3.1. ಆ ಗಾತ್ರದ ಕಲ್ಲಿಗೆ ಇಷ್ಟು ದೊಡ್ಡ ಸಂಖ್ಯೆ ಅದಕ್ಕೂ ಮೊದಲು ಯಾವತ್ತೂ ಬಂದಿರಲಿಲ್ಲ.

"ನನ್ನ ಹೋಮ್ ಲೋನ್ 2041ರವರೆಗೆ ಇದೆ, ಒಂಬತ್ತು ವರ್ಷದ ಇಎಂಐ ಉಳೀತು" ಅಂತ ಒಬ್ಬ ಹಾಕಿದ. "ಅಷ್ಟರೊಳಗೆ ನನಗೆ ಪ್ರಮೋಷನ್ ಬರುತ್ತಾ?" ಅಂತ ಇನ್ನೊಬ್ಬಳು. ಮ್ಯಾನೇಜರ್ ಒಂದು ಥಂಬ್ಸ್ ಅಪ್ ಒತ್ತಿದರು. ಯಾವುದಕ್ಕೆ ಅಂತ ಗೊತ್ತಾಗಲಿಲ್ಲ.

ಮೊದಲು ಈ ಕಲ್ಲಿನ ಪರಿಚಯ ಮಾಡಿಕೊಡ್ತೀನಿ. ಅದರ ಹೆಸರು ನೋಡಿದರೆ ಗಾಡಿ ನಂಬರ್ ಇದ್ದ ಹಾಗಿದೆಯಲ್ಲ, ಅದು ಹೆಚ್ಚುಕಡಿಮೆ ಅದೇ. 2024 ಅಂದರೆ ಸಿಕ್ಕಿದ ವರ್ಷ. ವೈ ಅಂದರೆ ಡಿಸೆಂಬರಿನ ಎರಡನೇ ಅರ್ಧ. ಆರ್4 ಅಂದರೆ ಆ ಅರ್ಧ ತಿಂಗಳಲ್ಲಿ ಸಿಕ್ಕ 117ನೇ ಕಲ್ಲು. ಅಕ್ಷರಕ್ಕೆ ಒಂದು ಲೆಕ್ಕ, ಪಕ್ಕದ ಅಂಕಿಗೆ ಇಪ್ಪತ್ತೈದರ ಮಗ್ಗಿ. ಐ ಅಕ್ಷರವನ್ನು ಒಂದರ ಜೊತೆ ಗೊಂದಲ ಆಗದಿರಲಿ ಅಂತ ಬಿಟ್ಟಿದ್ದಾರೆ. ಕೋಡ್ ಬರೆಯೋರಿಗೆ ಇಂಥದ್ದು ನೋಡಿದರೆ ಒಂಥರಾ ಸಮಾಧಾನ. ಲೋಕಾಂತ್ಯದ ವಿಷಯದಲ್ಲೂ ಯಾರೋ ಪುಣ್ಯಾತ್ಮರು ಹೆಸರಿಡುವ ಪದ್ಧತಿಯನ್ನು ನೆಟ್ಟಗೆ ಇಟ್ಟುಕೊಂಡಿದ್ದಾರೆ.

ಇದನ್ನು ಕಂಡದ್ದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕ, 2024ರ ಡಿಸೆಂಬರ್ 27ರಂದು. ವಿಚಿತ್ರ ಅಂದರೆ ಕಲ್ಲು ಭೂಮಿಗೆ ತೀರಾ ಹತ್ತಿರ ಬಂದು ಹೋಗಿದ್ದು 25ರಂದು, ಕ್ರಿಸ್‌ಮಸ್ ದಿನ. ಅಂದರೆ ಮನೆ ಮುಂದೆ ಹಾದುಹೋದ ಎರಡು ದಿನ ಆದಮೇಲೆ ನಮಗೆ ಅದರ ಬೆನ್ನು ಕಂಡಿತು. ಮುಖ ಕಾಣದ್ದಕ್ಕೆ ಕಾರಣ ಇದೆ: ಸೂರ್ಯನ ಕಡೆಯಿಂದ ಬರುವ ಕಲ್ಲು ಬೆಳಕಿನಲ್ಲಿ ಮುಚ್ಚಿಹೋಗುತ್ತೆ. ಗಾತ್ರ ಸುಮಾರು ಅರವತ್ತು ಮೀಟರ್, ಹದಿನೈದು ಮಹಡಿಯ ಒಂದು ಅಪಾರ್ಟ್‌ಮೆಂಟಿನ ಎತ್ತರ. ಡೈನೋಸಾರುಗಳನ್ನು ಮುಗಿಸಿದ್ದು ಹತ್ತು ಕಿಲೋಮೀಟರಿನದು, ಅದರ ಮುಂದೆ ಇದು ಜಲ್ಲಿ. ಆದರೆ 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ ಆಕಾಶದಲ್ಲೇ ಸಿಡಿದು ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಮಲಗಿಸಿದ್ದು ಹೆಚ್ಚುಕಡಿಮೆ ಇಷ್ಟೇ ಗಾತ್ರದ ಜಲ್ಲಿ. ನಮ್ಮ ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣವೂ ಅಷ್ಟೇ ಇದೆ. ಈ ಹೋಲಿಕೆ ಹೊಳೆದದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಅಲ್ಲಿ ಯೋಚನೆಗೆ ಬೇಕಾದಷ್ಟು ಸಮಯ ಸಿಗುತ್ತೆ.

ಇನ್ನು ಬೀಳುವ ಜಾಗ. ವಿಜ್ಞಾನಿಗಳು ಒಂದು ಪಟ್ಟಿ ಎಳೆದಿದ್ದರು: ಪೆಸಿಫಿಕ್ ಸಮುದ್ರದ ಪೂರ್ವ ಭಾಗ, ದಕ್ಷಿಣ ಅಮೆರಿಕದ ಉತ್ತರ ತುದಿ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರ, ಕೊನೆಗೆ ದಕ್ಷಿಣ ಏಷ್ಯಾ. ಪತ್ರಿಕೆಗಳು ಆ ಪಟ್ಟಿಯ ಮೇಲೆ ಊರು ಹುಡುಕಿ ಮುಂಬೈ, ಕೋಲ್ಕತ್ತಾ, ಢಾಕಾ ಅಂತ ಬರೆದವು. ನಮ್ಮ ಟಿವಿ ಚಾನೆಲ್ಲೊಂದಕ್ಕೆ ಅಷ್ಟೇ ಸಾಕಾಯ್ತು. ಕೆಂಪು ಬಣ್ಣದ ದೊಡ್ಡ ಅಕ್ಷರ, ಡಮಾರ್ ಅನ್ನೋ ಸದ್ದು, ಬೆಂಕಿ ಹತ್ತಿದ ಭೂಮಿಯ ಗ್ರಾಫಿಕ್ಸ್, ಪಕ್ಕದಲ್ಲೊಬ್ಬರು ಜ್ಯೋತಿಷಿ.

ಆ ರಾತ್ರಿ ಊರಿಂದ ಫೋನ್ ಬಂತು.

ನಮ್ಮದು ತುಮಕೂರು ಜಿಲ್ಲೆಯ ಒಣ ಸೀಮೆ. ನಾಲ್ಕು ಎಕರೆ ಜಮೀನು, ಸ್ವಲ್ಪ ತೆಂಗು, ಮಿಕ್ಕಿದ್ದಕ್ಕೆ ರಾಗಿ. ಅಪ್ಪನಿಗೆ ಒಂದು ಎಕರೆಗೆ ಅಡಿಕೆ ಇಡಬೇಕು ಅನ್ನೋ ಆಸೆ ಎರಡು ವರ್ಷದಿಂದ ಇತ್ತು. ಅಡಿಕೆ ಅಂದರೆ ನೀರು, ನೀರು ಅಂದರೆ ಇನ್ನೊಂದು ಬೋರು, ಬೋರು ಅಂದರೆ ಸಾಲ. ಸೊಸೈಟಿಯಲ್ಲಿ ಅರ್ಜಿಯೂ ಕೊಟ್ಟಾಗಿತ್ತು. ಚಿಕ್ಕಪ್ಪನದು ಬೇರೆ ವಾದ: ಬೈಪಾಸ್ ರೋಡು ಬರುತ್ತಂತೆ, ಆ ಎಕರೆಯನ್ನು ಲೇಔಟಿನೋರಿಗೆ ಕೊಟ್ಟು ಸುಮ್ಮನಿರೋಣ. ಹೀಗೆ ತೂಗಾಡುತ್ತಿರುವಾಗ ಟಿವಿಯಲ್ಲಿ ಈ ಕಲ್ಲು ಬಂದು ಚಿಕ್ಕಪ್ಪನ ತಟ್ಟೆಗೆ ಕೂತುಬಿಟ್ಟಿತು. ಅಡಿಕೆ ಇಟ್ಟರೆ ಫಸಲು ಕೈಗೆ ಹತ್ತೋದಕ್ಕೆ ಆರೇಳು ವರ್ಷ. ಅಂದರೆ ಸರಿಯಾಗಿ 2032.

"ಏನ್ಲಾ, ನೀನು ಓದ್ಕಂಡೋನು. ಬೀಳ್ತೈತಾ, ಇಲ್ವಾ? ಒಂದು ಮಾತು ಹೇಳು," ಅಂದರು ಅಪ್ಪ.

"ನೂರಕ್ಕೆ ತೊಂಬತ್ತೇಳು ಬೀಳಲ್ಲ ಅಪ್ಪ."

"ನಮ್ ಮೂರನೇ ಬೋರಿಗೆ ಪಾಯಿಂಟ್ ಮಾಡ್ದೋನೂ ನೂರಕ್ಕೆ ತೊಂಬತ್ತು ಅಂದಿದ್ದ. ಏಳುನೂರು ಅಡಿ ಹೋದ್ರೂ ಬರೀ ಧೂಳು. ಈ ನೂರಕ್ಕೆ ಇಷ್ಟು ಅನ್ನೋ ಲೆಕ್ಕ ನಂಗೆ ಹೇಳ್ಬ್ಯಾಡ."

ಇಂಜಿನಿಯರಿಂಗಿನಲ್ಲಿ ಪ್ರಾಬಬಿಲಿಟಿ ಪೇಪರು ಬರೆದು ಪಾಸಾದವನು ನಾನು. ಆದರೆ ಸಾಧ್ಯತೆ ಅಂದರೇನು ಅಂತ ಅಪ್ಪನ ಆ ಧೂಳಿನಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ. ಯೋಚಿಸಿ ನೋಡಿ. ಭೂಮಿಯ ಕೆಳಗೆ ನೀರು ಇದೆ ಅಥವಾ ಇಲ್ಲ. ನೂರಕ್ಕೆ ತೊಂಬತ್ತು ನೀರು ಅಂತ ಅಲ್ಲಿ ಏನೂ ಇರೋದಿಲ್ಲ. ಆ ತೊಂಬತ್ತು ಇದ್ದದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗಿದ ಮನುಷ್ಯನ ತಲೆಯಲ್ಲಿ. ವೈಆರ್4 ಕಲ್ಲಿನ 3.1 ಕೂಡ ಹಾಗೇ. ಕಲ್ಲಿಗೆ ಅನುಮಾನ ಇಲ್ಲ. ನ್ಯೂಟನ್ ಹೇಳಿದ ದಾರಿಯಲ್ಲಿ, ಮೇಲೊಂದಿಷ್ಟು ಸೂರ್ಯನ ಬಿಸಿಲಿನ ಒತ್ತಡ ಸೇರಿಸಿಕೊಂಡು, ಅದು ತನ್ನ ಪಾಡಿಗೆ ಹೋಗುತ್ತಿದೆ. ಬಡಿಯುತ್ತೆ ಅಥವಾ ಬಡಿಯಲ್ಲ. ಕೆಲವೇ ವಾರ ನೋಡಿ, ಎಂಟು ವರ್ಷ ಮುಂದಿನ ಜಾಗ ಹೇಳುವಾಗ ನಮಗಿರುವ ಅರೆಬರೆ ತಿಳಿವಳಿಕೆಗೆ ಕೊಟ್ಟ ಅಂಕ ಆ 3.1.

ಇದನ್ನೆಲ್ಲ ಫೋನಿನಲ್ಲಿ ಹೇಳೋಕೆ ಹೋಗಲಿಲ್ಲ. ಅಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡಿದ್ದಳು. ಅವಳ ಪ್ರಶ್ನೆ ಬೇರೆ. "ಮೊದ್ಲು ಒಂದು ಅಂದ್ರು, ಆಮ್ಯಾಕೆ ಎರಡು, ಈಗ ಮೂರು. ದಿನಾ ಹತ್ರ ಬತ್ತಾ ಐತೆ ಅಲ್ವೇನಪ್ಪ?"

ನಿಜ ಹೇಳಬೇಕೆಂದರೆ ಇದೇ ಪ್ರಶ್ನೆಯನ್ನು ನಮ್ಮ ಆಫೀಸಿನ ಎಂಟೆಕ್ ಮಾಡಿದವರೂ ಕೇಳಿದ್ದರು. ಅಮ್ಮನಿಗೆ ಹೇಳಿದ್ದು ಚಿರತೆ ಕತೆ. ನಮ್ಮ ಕಡೆ ಚಿರತೆ ಕಾಟ ಹೊಸದಲ್ಲ.

"ಅಮ್ಮ, ಹೋಬಳಿಯಲ್ಲಿ ಎಲ್ಲೋ ಒಂದು ಕಡೆ ಚಿರತೆ ಇದೆ ಅಂತ ಸುದ್ದಿ. ಐವತ್ತು ಊರಿದೆ ಅಂತ ಇಟ್ಕೋ. ನಮ್ಮೂರಲ್ಲೇ ಇರೋದಕ್ಕೆ ಐವತ್ತರಲ್ಲಿ ಒಂದು ಚಾನ್ಸು, ನೂರಕ್ಕೆ ಎರಡು. ಫಾರೆಸ್ಟಿನೋರು ಬಂದು ಇಪ್ಪತ್ತೈದು ಊರು ಹುಡುಕಿ ಇಲ್ಲಿಲ್ಲ ಅಂದ್ರು. ಆ ಇಪ್ಪತ್ತೈದರಲ್ಲಿ ನಮ್ಮೂರು ಇಲ್ಲ. ಈಗ ಮಿಕ್ಕ ಇಪ್ಪತ್ತೈದರಲ್ಲಿ ಒಂದು, ಅಂದ್ರೆ ನೂರಕ್ಕೆ ನಾಲ್ಕು. ಚಿರತೆ ನಮ್ಮ ಕಡೆ ಒಂದು ಹೆಜ್ಜೆನೂ ಇಟ್ಟಿಲ್ಲ. ಹುಡುಕೋ ಜಾಗ ಕಮ್ಮಿ ಆಯ್ತು ಅಷ್ಟೆ. ನಾಳೆ ಪಕ್ಕದೂರಿನ ಕೆರೆ ಏರಿ ಮೇಲೆ ಹೆಜ್ಜೆ ಗುರುತು ಸಿಕ್ಕಿದ್ರೆ ನಮ್ಮದು ಸೊನ್ನೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೆಜ್ಜೆ ನಮ್ಮೂರಲ್ಲೇ ಸಿಕ್ಕಿದ್ರೆ?" ಅಂದಳು.

"ಆಗ ನೂರಕ್ಕೆ ನೂರು."

"ಪಾಪುಗೆ ಆಗ ಎಷ್ಟು ವಯಸ್ಸು?"

ನನ್ನ ಮಗಳಿಗೆ ಈಗ ನಾಲ್ಕು. ಆಗ ಹನ್ನೆರಡಾಗುತ್ತಿರುತ್ತೆ. ಗ್ರೂಪಿನಲ್ಲಿ ಇಎಂಐ ಜೋಕಿಗೆ ನಕ್ಕವನಿಗೆ ಆ ಸಂಖ್ಯೆ ಮೊದಲ ಸಲ ತೂಕ ಹೊತ್ತುಕೊಂಡು ಬಂದಂತಾಯಿತು. ಮೂವತ್ತೆರಡರಲ್ಲಿ ಒಂದು. ಮೂವತ್ತೆರಡು ಮಕ್ಕಳ ಒಂದು ಕ್ಲಾಸ್‌ರೂಮ್ ಕಣ್ಣ ಮುಂದೆ ತಂದುಕೊಳ್ಳಿ.

ನಮ್ಮ ಊರಿಗೆ ಆಕಾಶದ ಭಯ ಹೊಸದೇನಲ್ಲ. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ಬೀಳುತ್ತೆ ಅಂತ ದೇಶವೆಲ್ಲ ಗುಲ್ಲೆದ್ದಿತ್ತಂತೆ. ಸುಮಾರು 77 ಟನ್ನಿನ ಬಾಹ್ಯಾಕಾಶ ಕೇಂದ್ರ, ಎಲ್ಲಿ ಬೀಳುತ್ತೆ ಅಂತ ಯಾರಿಗೂ ಖಚಿತ ಇಲ್ಲ. ನಮ್ಮಜ್ಜಿ ಹೇಳೋ ಪ್ರಕಾರ ಊರಿನಲ್ಲಿ ಒಂದು ವಾರದಲ್ಲಿ ಕೋಳಿಗಳೆಲ್ಲ ಖಾಲಿ. ಹೆಂಗೂ ಸಾಯೋದು, ತಿಂದಾದ್ರೂ ಸಾಯೋಣ ಅಂತ. ಮೇಲಿನ ಬೀದಿಯ ಒಬ್ಬರು ದೀಪಾವಳಿಗೆ ಅಂತ ಸಾಕಿದ್ದ ಎರಡು ಟಗರು ಕಡಿಸಿ ಬೀದಿಗೆಲ್ಲ ಊಟ ಹಾಕಿದರಂತೆ, ಕೊಟ್ಟ ಸಾಲಗಳನ್ನೂ ಮನ್ನಾ ಮಾಡಿದರಂತೆ. ಸ್ಕೈಲ್ಯಾಬ್ ಜುಲೈ 11ರಂದು ಹಿಂದೂ ಮಹಾಸಾಗರಕ್ಕೂ ಆಸ್ಟ್ರೇಲಿಯಾದ ಪಶ್ಚಿಮ ಭಾಗಕ್ಕೂ ಚೂರುಚೂರಾಗಿ ಬಿತ್ತು. ಅಲ್ಲಿನ ಎಸ್ಪರೆನ್ಸ್ ಅನ್ನೋ ಊರಿನ ಆಡಳಿತ ರಸ್ತೆಯಲ್ಲಿ ಕಸ ಹಾಕಿದ್ದಕ್ಕೆ ಅಂತ ನಾಸಾಗೆ 400 ಡಾಲರ್ ದಂಡ ಹಾಕಿತು. ಮೇಲಿನ ಬೀದಿಯವರಿಗೆ ಟಗರಿನ ದುಡ್ಡು ಕೊಡೋರು ಯಾರೂ ಇರಲಿಲ್ಲ. ಸಾಲ ಮನ್ನಾ ಆದವರು ಮಾತ್ರ ಸ್ಕೈಲ್ಯಾಬ್ ಹೆಸರು ಹೇಳಿ ದೀಪ ಹಚ್ಚುತ್ತಿದ್ದರು ಅಂತ ಅಜ್ಜಿ ನಗೋಳು.

ಆದರೆ ನನಗೆ ಇವೆಲ್ಲಕ್ಕಿಂತ ಕಾಡುವ ಕತೆ 2004ರದು. ಆ ವರ್ಷದ ಜೂನ್‌ನಲ್ಲಿ ಒಂದು ಕಲ್ಲು ಸಿಕ್ಕಿತ್ತು, ಅದಕ್ಕೆ ಆಮೇಲೆ ಅಪೋಫಿಸ್ ಅಂತ ಹೆಸರಾಯಿತು. ಈಜಿಪ್ಟಿನವರ ಕತ್ತಲೆಯ ಹಾವು, ನಮ್ಮ ರಾಹುವಿನ ದೂರದ ನೆಂಟ ಅಂತಿಟ್ಟುಕೊಳ್ಳಿ. ಗಾತ್ರ ಮುನ್ನೂರು ಮೀಟರಿಗೂ ಮೇಲೆ. ಡಿಸೆಂಬರಿನಲ್ಲಿ ಲೆಕ್ಕ ಹಾಕಿದಾಗ 2029ರ ಏಪ್ರಿಲ್ 13ರಂದು ಬಡಿಯಬಹುದು ಅಂತ ಬಂತು. ಈ ಕಲ್ಲುಗಳ ಅಪಾಯ ಅಳೆಯೋಕೆ ಟೊರಿನೊ ಅಂತ ಒಂದು ಮಾಪಕ ಇದೆ, ಸೊನ್ನೆಯಿಂದ ಹತ್ತರವರೆಗೆ. ನಮ್ಮ ಆಫೀಸಿನಲ್ಲಿ ಪಿ-ಒನ್, ಪಿ-ಟು ಅಂತ ಇಲ್ಲವಾ, ಅದೇ ಥರ, ಆದರೆ ಉಲ್ಟಾ: ಸಂಖ್ಯೆ ದೊಡ್ಡದಾದಷ್ಟೂ ಗಂಡಾಂತರ. ಅಪೋಫಿಸ್ ನಾಲ್ಕಕ್ಕೆ ಏರಿತು. ಇವತ್ತಿಗೂ ಅದೇ ದಾಖಲೆ, ವೈಆರ್4 ಕೂಡ ಮೂರಕ್ಕೆ ನಿಂತುಬಿಟ್ಟಿತು. ಡಿಸೆಂಬರ್ 27ರಂದು ಅಪೋಫಿಸ್‌ನ ಸಾಧ್ಯತೆ 2.7ಕ್ಕೆ ಬಂದಿತ್ತು.

ಅವತ್ತು ಪ್ರಪಂಚದಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ. ಹಿಂದಿನ ದಿನ, 26ರ ಬೆಳಿಗ್ಗೆ, ಸುನಾಮಿ ಬಂದಿತ್ತು.

ನಾನಾಗ ಹೈಸ್ಕೂಲು. ಊರಿನಲ್ಲಿ ಡಿಶ್ ಇದ್ದ ಒಂದೇ ಮನೆಯ ಹಜಾರದಲ್ಲಿ ಇಡೀ ಬೀದಿ ಕೂತು ನಾಗಪಟ್ಟಣದ ದೃಶ್ಯ ನೋಡಿದ್ದೆವು. ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು. ಸುಮಾತ್ರಾದ ಹತ್ತಿರ ನೆಲ ಕಂಪಿಸಿದ ಮೇಲೆ ಅಲೆ ತಮಿಳುನಾಡಿನ ದಂಡೆಗೆ ಬರೋಕೆ ಸುಮಾರು ಎರಡು ಗಂಟೆ ಹಿಡಿಯಿತು. ಎರಡು ಗಂಟೆ ಅಂದರೆ ಸಣ್ಣ ಹೊತ್ತಲ್ಲ. ಮಕ್ಕಳನ್ನು ಎತ್ತಿಕೊಂಡು ಒಳನಾಡಿಗೆ ನಡೆದು ಹೋಗಬಹುದು. ಆದರೆ ಹೇಳೋರಿರಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ನಮ್ಮ ದೇಶದ ಕೇಂದ್ರ ಹೈದರಾಬಾದಿನಲ್ಲಿ ಶುರುವಾದದ್ದು 2007ರಲ್ಲಿ. ಒಂದೇ ವಾರದಲ್ಲಿ ಮನುಷ್ಯ ಇಪ್ಪತ್ತೈದು ವರ್ಷ ಆಚೆಗಿನ ಕಲ್ಲಿಗೆ ದಿನ, ತಾರೀಖು ಸಮೇತ ಎಚ್ಚರಿಕೆ ಕೊಟ್ಟ, ಎರಡು ಗಂಟೆ ಆಚೆಗಿನ ನೀರಿಗೆ ಕೊಡಲಾಗಲಿಲ್ಲ.

ಅಪೋಫಿಸ್ ಕತೆ ಮುಗಿದದ್ದು ಲಾಗ್ ಹುಡುಕಿದ್ದರಿಂದ. ಅದೇ ವರ್ಷದ ಮಾರ್ಚ್‌ನಲ್ಲಿ ಬೇರೆ ಯಾರೋ ತೆಗೆದಿದ್ದ ಹಳೇ ಚಿತ್ರಗಳಲ್ಲಿ ಅದರ ಚುಕ್ಕೆ ಇದ್ದದ್ದು ಸಿಕ್ಕಿತು. ಮೂರು ತಿಂಗಳು ಹಿಂದಿನ ಒಂದು ಸಾಕ್ಷಿ ಸೇರಿಸುತ್ತಿದ್ದಂತೆ 2029ರ ಡಿಕ್ಕಿ ಲೆಕ್ಕದಿಂದ ಬಿದ್ದುಹೋಯಿತು. ಬಡಿಯದಿದ್ದರೂ ಅವತ್ತು ಅದು ಬರುವುದಂತೂ ನಿಜ. ನೆಲದಿಂದ ಸುಮಾರು 32 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಟಿವಿ ಉಪಗ್ರಹಗಳು ಇರೋದಕ್ಕಿಂತ ಕೆಳಗೆ ಹಾದುಹೋಗುತ್ತೆ. ಭೂಮಿಯ ಪೂರ್ವಾರ್ಧದವರಿಗೆ ಬರಿಗಣ್ಣಿಗೇ ಕಾಣುವ ಚುಕ್ಕೆ. ತೀರಾ ಹತ್ತಿರ ಬರೋದು ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ, ಅವತ್ತು ಶನಿವಾರ, ಮೇಲೆ ಅಂಬೇಡ್ಕರ್ ಜಯಂತಿ. ರಜೆ ಹಾಕುವ ತಾಪತ್ರಯ ಇಲ್ಲ.

ಇದರ ಪಕ್ಕದಲ್ಲಿ 2013ರ ಫೆಬ್ರವರಿ 15 ಇಡಬೇಕು. ಆ ದಿನ ನಲವತ್ತೈವತ್ತು ಮೀಟರಿನ ಒಂದು ಕಲ್ಲು ಭೂಮಿಗೆ 27,700 ಕಿಲೋಮೀಟರ್ ಹತ್ತಿರದಿಂದ ಹಾದುಹೋಗುವುದಿತ್ತು. ಒಂದು ವರ್ಷ ಮೊದಲೇ ಗೊತ್ತಿದ್ದ ವಿಷಯ, ಎಲ್ಲರ ಕಣ್ಣೂ ಆ ಡ್ಯಾಶ್‌ಬೋರ್ಡಿನ ಮೇಲೆ. ಅದು ಬರೋದಕ್ಕೆ ಹಲವು ಗಂಟೆ ಮೊದಲು, ಅದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಕಲ್ಲು ಸೂರ್ಯನ ಕಡೆಯಿಂದ ಬಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿಯಿತು. ಇಪ್ಪತ್ತು ಮೀಟರಿನ ಕಲ್ಲು, ಸುಮಾರು ಮೂವತ್ತು ಕಿಲೋಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಜನ ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ. ಸೂರ್ಯನಿಗಿಂತ ಜೋರಾದ ಬೆಳಕು ಕಂಡು ಎಲ್ಲರೂ ಏನಾಯ್ತು ಅಂತ ಕಿಟಕಿಗೆ ಓಡಿದರು. ಸದ್ದು ಬೆಳಕಿನಷ್ಟು ಬೇಗ ಬರೋದಿಲ್ಲವಲ್ಲ. ಎರಡು ನಿಮಿಷದ ಮೇಲೆ ಅಲೆ ಬಂದು ಅದೇ ಕಿಟಕಿ ಗಾಜು ಮುಖಕ್ಕೆ ಒಡೆಯಿತು. ಸುಮಾರು ಸಾವಿರದೈನೂರು ಜನ ಆಸ್ಪತ್ರೆ ಹುಡುಕಿದರು, ಹೆಚ್ಚಿನವರಿಗೆ ಗಾಜಿನ ಗಾಯ. ಯಾವ ಪಟ್ಟಿಯಲ್ಲೂ ಆ ಕಲ್ಲಿನ ಹೆಸರಿರಲಿಲ್ಲ. ಅದರ ಸಾಧ್ಯತೆ ಎಷ್ಟು ಅಂತ ಕೇಳುವ ಪ್ರಶ್ನೆಯೇ ಹುಟ್ಟಿರಲಿಲ್ಲ.

ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಇದು ಅರ್ಥವಾಗುತ್ತೆ. ರಾತ್ರಿ ಎರಡಕ್ಕೆ ಬರುವ ಅಲರ್ಟಿಗೆ ನಾವು ಶಾಪ ಹಾಕ್ತೀವಿ, ಆದರೆ ಅಲರ್ಟ್ ಬಂದಿದೆ ಅಂದರೆ ಅಲ್ಲೊಂದು ಸೆನ್ಸರ್ ಇದೆ ಅಂತ. ನನಗೆ ಭಯ ಆಗೋದು ಅಲರ್ಟೇ ಇಲ್ಲದ ಸರ್ವರ್ ನೋಡಿದಾಗ. ವೈಆರ್4ಗೆ ನೂರಕ್ಕೆ ಒಂದು ಬಂದ ಕೂಡಲೇ ಅಂತರರಾಷ್ಟ್ರೀಯ ಎಚ್ಚರಿಕೆ ಜಾಲ ತನ್ನ ಚರಿತ್ರೆಯಲ್ಲೇ ಮೊದಲ ಸಲ ಅಧಿಕೃತ ಸೂಚನೆ ಹೊರಡಿಸಿತು. ಅಮೆರಿಕದ ಜೆಪಿಎಲ್‌ನಲ್ಲಿ ಸೆಂಟ್ರಿ ಅಂತ ಒಂದು ಪ್ರೋಗ್ರಾಂ, ಯೂರೋಪಿನಲ್ಲಿ ಬೇರೆಯದೇ ಕೋಡ್, ಒಬ್ಬರ ಉತ್ತರ ಇನ್ನೊಬ್ಬರು ತಾಳೆ ನೋಡುತ್ತಾರೆ. ಸಂಖ್ಯೆ ಎಲ್ಲರಿಗೂ ತೆರೆದಿಟ್ಟದ್ದು. ಏರುತ್ತಿರುವಾಗ ಮುಚ್ಚಿಡಬಹುದಿತ್ತು, ಸುಮ್ಮನೆ ಗಾಬರಿ ಯಾಕೆ ಅಂತ. ಮುಚ್ಚಿಡಲಿಲ್ಲ. ಇದಕ್ಕೆ ನಾನು ಟೋಪಿ ತೆಗೀತೀನಿ, ಟಿವಿ ಚಾನೆಲ್ಲಿನವರು ಅದನ್ನು ಏನೇ ಮಾಡಿಕೊಳ್ಳಲಿ.

ಇನ್ನೊಂದು ಕಷ್ಟ ಯಾರೂ ಟಿವಿಯಲ್ಲಿ ಹೇಳಲಿಲ್ಲ. ಕಲ್ಲು ದೂರ ಹೋಗುತ್ತಿತ್ತು, ದಿನದಿಂದ ದಿನಕ್ಕೆ ಮಂಕಾಗುತ್ತಿತ್ತು. ಫೆಬ್ರವರಿ ಮಧ್ಯದಲ್ಲಿ ಹುಣ್ಣಿಮೆ ಬಂದು ಕೆಲವು ದಿನ ಯಾವ ದೂರದರ್ಶಕಕ್ಕೂ ಕಾಣಲೇ ಇಲ್ಲ. ಇನ್ನೆರಡು ತಿಂಗಳಲ್ಲಿ ಪೂರ್ತಿ ಮಾಯವಾಗಿ, ಮತ್ತೆ ಕಾಣುವುದು 2028ಕ್ಕೆ. ಒಂದು ವೇಳೆ ಸಂಖ್ಯೆ ಮೂರರಲ್ಲೋ ಐದರಲ್ಲೋ ಹಾಗೇ ನೇತಾಡಿಕೊಂಡು ಕಲ್ಲು ಕಣ್ಮರೆಯಾಗಿದ್ದರೆ? 2028ರವರೆಗೆ ಕಾಯಬೇಕಿತ್ತು. ಆಗ ನಾಲ್ಕೇ ವರ್ಷ ಉಳಿಯುತ್ತಿತ್ತು. ಅಲ್ಲಿಯವರೆಗೆ ಕೈ ಕಟ್ಟಿ ಕೂರೋದಾ, ಬೀಳದೇ ಇರಬಹುದಾದ ಕಲ್ಲಿಗೆ ಸಾವಿರಾರು ಕೋಟಿ ಸುರಿದು ನೌಕೆ ಕಟ್ಟೋದಾ? ಬೋರ್‌ವೆಲ್ ಸಾಲದ ಅರ್ಜಿ ಹಿಡಿದು ಕೂತ ಅಪ್ಪನ ಪ್ರಶ್ನೆ ಇಡೀ ಭೂಮಿಗೆ ಬರುತ್ತಿತ್ತು.

ಹಾಗಾಗಲಿಲ್ಲ. 3.1 ಆದ ಮಾರನೇ ದಿನ ಸಂಖ್ಯೆ ಅರ್ಧಕ್ಕಿಳಿಯಿತು. 24ರ ಹೊತ್ತಿಗೆ 0.004. ಹೆಜ್ಜೆ ಗುರುತು ಪಕ್ಕದೂರಿನಲ್ಲಿ ಸಿಕ್ಕಿತ್ತು. ಗ್ರೂಪಿನಲ್ಲಿ ಹೋಮ್ ಲೋನಿನವನು ಅಳುವ ಮುಖದ ಇಮೋಜಿ ಹಾಕಿದ. ಟಿವಿ ಚಾನೆಲ್ಲು ಅಷ್ಟರಲ್ಲಿ ಬೇರೆ ವಿಷಯಕ್ಕೆ ಹೋಗಿತ್ತು, ಸೊನ್ನೆಗೆ ಗ್ರಾಫಿಕ್ಸ್ ಮಾಡೋದು ಕಷ್ಟ.

ಬೀಳುತ್ತೆ ಅಂತಲೇ ಆಗಿದ್ದರೆ ಏನು ಮಾಡಬಹುದಿತ್ತು ಅನ್ನೋದಕ್ಕೆ ಮನುಷ್ಯರ ಹತ್ತಿರ ಒಂದೇ ಒಂದು ಪ್ರಾಕ್ಟಿಕಲ್ ಪರೀಕ್ಷೆಯ ಫಲಿತಾಂಶ ಇದೆ. 2022ರ ಸೆಪ್ಟೆಂಬರ್ 27, ನಮ್ಮ ಸಮಯ ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಮಗಳು ಆಗ ಹಸುಗೂಸು, ರಾತ್ರಿಯೆಲ್ಲ ಎಚ್ಚರ. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಾನು ಲ್ಯಾಪ್‌ಟಾಪಿನಲ್ಲಿ ನಾಸಾದ ಡಾರ್ಟ್ ನೌಕೆಯ ನೇರಪ್ರಸಾರ ನೋಡುತ್ತಿದ್ದೆ. ಭೂಮಿಯಿಂದ ಒಂದು ಕೋಟಿ ಕಿಲೋಮೀಟರಿಗೂ ದೂರ ಡೈಮಾರ್ಫಸ್ ಅನ್ನೋ 160 ಮೀಟರಿನ ಕಲ್ಲು, ಅದರಿಂದ ನಮಗೇನೂ ಅಪಾಯ ಇರಲಿಲ್ಲ. ಇನ್ನೂ ದೊಡ್ಡದೊಂದು ಕಲ್ಲನ್ನು ಸುತ್ತುತ್ತಿತ್ತು ಪಾಪ. ಸೆಕೆಂಡಿಗೆ ಆರು ಕಿಲೋಮೀಟರ್ ವೇಗದಲ್ಲಿ ನೌಕೆ ಹೋಗಿ ಬೇಕಂತಲೇ ಗುದ್ದಿತು. ಮೊದಲು ಒಂದು ಚುಕ್ಕೆ, ಆಮೇಲೆ ಮೊಟ್ಟೆ ಆಕಾರ, ಆಮೇಲೆ ಪರದೆ ತುಂಬ ಬರೀ ಕಲ್ಲು. ನಮ್ಮೂರಿನ ಹಿಂದಿನ ಗುಡ್ಡದ ಹಾಗೇ ಇತ್ತು. ಕೊನೆಯ ಚಿತ್ರ ಅರ್ಧ ಬಂದು ನಿಂತಿತು. ಪ್ರೊಡಕ್ಷನ್ ಕ್ರ್ಯಾಶ್ ಆದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹನ್ನೊಂದು ಗಂಟೆ ಐವತ್ತೈದು ನಿಮಿಷಕ್ಕೆ ಒಂದು ಸುತ್ತು ಬರುತ್ತಿದ್ದ ಕಲ್ಲು ಅರ್ಧ ಗಂಟೆಗೂ ಹೆಚ್ಚು ಬೇಗ ಸುತ್ತತೊಡಗಿತು. ಎಪ್ಪತ್ತಮೂರು ಸೆಕೆಂಡ್ ಬದಲಾದರೂ ಗೆದ್ದ ಹಾಗೆ ಅಂತ ಅವರೇ ಹಾಕಿಕೊಂಡಿದ್ದ ಗುರಿ.

ಭೂಕಂಪಕ್ಕೆ, ಸುನಾಮಿಗೆ ನಾವು ಓಡಿಹೋಗಬಹುದು ಅಷ್ಟೇ. ಬೇಗ ಕಂಡರೆ ಪಕ್ಕಕ್ಕೆ ತಳ್ಳಬಹುದಾದ ಪ್ರಕೃತಿ ವಿಕೋಪ ಇದೊಂದೇ. ಆದರೆ ಬೇಗ ಕಾಣಬೇಕು. ಒಂದು ಕಿಲೋಮೀಟರಿಗಿಂತ ದೊಡ್ಡ ಕಲ್ಲುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿಕ್ಕಿವೆ, ಅವುಗಳಲ್ಲಿ ಯಾವುದೂ ಸದ್ಯಕ್ಕೆ ನಮ್ಮ ಕಡೆ ಬರುತ್ತಿಲ್ಲ. 140 ಮೀಟರಿಗಿಂತ ದೊಡ್ಡವನ್ನು 2020ರೊಳಗೆ ನೂರಕ್ಕೆ ತೊಂಬತ್ತು ಹುಡುಕಿ ಅಂತ ಅಮೆರಿಕದ ಸಂಸತ್ತು 2005ರಲ್ಲೇ ಹೇಳಿತ್ತು, ಇನ್ನೂ ಅರ್ಧವೂ ಆಗಿಲ್ಲ. ಡೆಡ್‌ಲೈನ್ ದಾಟಿದ ಪ್ರಾಜೆಕ್ಟು ನಮಗೇನು ಹೊಸದಾ ಅಂತೀರಾ? ಇಲ್ಲ. ಆದರೆ ಈ ಪ್ರಾಜೆಕ್ಟಿನ ಬಾಕಿ ಲಿಸ್ಟಿನಲ್ಲಿರೋದು ಊರುಗಳು. ಇನ್ನು ಅರವತ್ತು ಮೀಟರಿನಂಥ ಸಣ್ಣವುಗಳ ಮಾತು ಬಿಡಿ, ಹೆಚ್ಚಿನವು ಪಟ್ಟಿಗೇ ಸೇರಿಲ್ಲ. ಸೂರ್ಯನ ಕಡೆಯಿಂದ ಬರುವವನ್ನೂ ಹಿಡಿಯಲೆಂದೇ ನಾಸಾ ನಿಯೋ ಸರ್ವೇಯರ್ ಅನ್ನೋ ಬಾಹ್ಯಾಕಾಶ ದೂರದರ್ಶಕ ಕಟ್ಟುತ್ತಿದೆ.

ಈ ಹುಡುಕಾಟದಲ್ಲಿ ನಮ್ಮವರದೂ ಒಂದು ಸಣ್ಣ ಪಾಲಿದೆ. ಕೋರಮಂಗಲದಲ್ಲಿ ಕೆಫೆ, ಸ್ಟಾರ್ಟಪ್ಪುಗಳ ನಡುವೆ ಭಾರತೀಯ ಖಭೌತ ಸಂಸ್ಥೆ ಅಂತ ಒಂದಿದೆ. ಎಷ್ಟೋ ಸಲ ಅದರ ಗೇಟಿನ ಮುಂದೆ ಆಟೋಗೆ ಕಾದಿರ್ತೀವಿ. ಅದರ ಕಾವಲೂರು ವೀಕ್ಷಣಾಲಯದಲ್ಲಿ ಎಂಬತ್ತರ ದಶಕದ ಕೊನೆಗೆ ಇಂಥ ಕಲ್ಲುಗಳನ್ನು ಹುಡುಕೋ ಒಂದು ಯೋಜನೆ ನಡೆದಿತ್ತು. ಅದಕ್ಕೆ ಇಟ್ಟ ಹೆಸರು ಕಲ್ಕಿ. 1988ರಲ್ಲಿ ಆರ್. ರಾಜಮೋಹನ್ ಅವರು ಕಂಡ ಕ್ಷುದ್ರಗ್ರಹಕ್ಕೆ 4130 ರಾಮಾನುಜನ್ ಅಂತ ನಾಮಕರಣವಾಯಿತು, ಭಾರತದಿಂದ ಒಂದು ಕ್ಷುದ್ರಗ್ರಹ ಪತ್ತೆಯಾಗಿ ಆಗಲೇ ನೂರು ವರ್ಷ ದಾಟಿತ್ತು. ಅದು ಮಂಗಳ, ಗುರು ಗ್ರಹಗಳ ನಡುವೆ ತನ್ನ ಪಾಡಿಗೆ ಸುತ್ತುವ ಸಾಧು ಕಲ್ಲು. ಅಂದಹಾಗೆ ಈ ಕ್ಷುದ್ರಗ್ರಹ ಅನ್ನೋ ಪದ ನನಗೆ ಬಹಳ ಇಷ್ಟ. ಊರಿನ ದೊಡ್ಡ ದೇವರಿಗೆ ನಾವು ವರ್ಷಕ್ಕೊಂದು ಜಾತ್ರೆ ಮಾಡಿ ಮರೀತೀವಿ. ಹೊಲದ ಬದುವಿನ ಕ್ಷುದ್ರದೇವತೆಗೆ ಮಾತ್ರ ಪ್ರತಿ ಅಮಾವಾಸ್ಯೆ ತಪ್ಪದೆ ಕಾಯಿ ಒಡೀತೀವಿ, ಯಾಕಂದ್ರೆ ಕಾಡೋದು ಅದೇ.

ಅಪ್ಪನಿಗೆ ಸಂಖ್ಯೆ ಇಳಿದ ಸುದ್ದಿ ಹೇಳಲು ಫೋನ್ ಮಾಡಿದಾಗ ಅವರಿಗೆ ಕಲ್ಲಿಗಿಂತ ಲೆಕ್ಕ ಹಾಕುವವರ ಬಗ್ಗೆ ಕುತೂಹಲ ಇತ್ತು.

"ಅವ್ರು ದಿನಾ ತಿರುಗಿ ನೋಡ್ತಾರಾ?"

"ದಿನಾ ನೋಡ್ತಾರೆ."

"ನೆನ್ನೆ ಹೇಳಿದ್ದು ತಪ್ಪು ಅಂತ ಕಂಡ್ರೆ ಇವತ್ತು ತಿದ್ದಿ ಹೇಳ್ತಾರಾ?"

"ಹೇಳ್ತಾರೆ."

"ಹಂಗಾದ್ರೆ ನಮ್ ಪಾಯಿಂಟಿನೋನಿಗಿಂತ ವಾಸಿ ಬಿಡು. ಅವ್ನು ದುಡ್ಡು ಈಸ್ಕಂಡು ಹೋದೋನು ಆ ಕಡೆ ತಲೆನೇ ಹಾಕ್ಲಿಲ್ಲ."

ಸೊಸೈಟಿ ಸಾಲ ಮಂಜೂರಾಯಿತು. ಏಪ್ರಿಲ್‌ನಲ್ಲಿ ರಿಗ್ ಲಾರಿ ಬಂತು, ಒಂಬೈನೂರು ಅಡಿಗೆ ಎರಡಿಂಚು ನೀರು ಸಿಕ್ಕಿತು. ಎರಡಿಂಚಿಗೆ ಒಂದು ಎಕರೆ ಅಡಿಕೆ ಎಷ್ಟು ದಿನ ನಿಲ್ಲುತ್ತೆ ಅನ್ನೋದು ನನ್ನ ಅನುಮಾನ. ಕೆಳಗಿನ ನೀರಿಗೆ ಸೆಂಟ್ರಿಯಂಥ ಪ್ರೋಗ್ರಾಂ ನಮ್ಮ ಹೋಬಳಿಗೆ ಬಂದಿಲ್ಲ. ಚಿಕ್ಕಪ್ಪ ಮಾತು ಬಿಟ್ಟಿದ್ದಾನೆ. ಮೊದಲ ಮಳೆಗೆ ಅಪ್ಪ ಸಸಿ ಇಟ್ಟರು, ನೆರಳಿಗೆ ನಡುನಡುವೆ ಬಾಳೆ.

ಇದನ್ನು ಬರೆಯುತ್ತಿರುವ 2025ರ ಜುಲೈನಲ್ಲಿ ವೈಆರ್4 ಎಲ್ಲ ದೂರದರ್ಶಕಗಳ ಕಣ್ಣಿಂದ ದೂರ ಹೋಗಿದೆ. ಭೂಮಿಗೆ ಬಡಿಯಲ್ಲ, ಸರಿ. ಆದರೆ ಅದೇ 2032ರ ಡಿಸೆಂಬರ್ 22ರಂದು ಚಂದ್ರನಿಗೆ ಬಡಿಯುವ ಸಾಧ್ಯತೆ, 2025ರ ಜೂನ್ ತಿಂಗಳ ಲೆಕ್ಕದ ಪ್ರಕಾರ, ನೂರಕ್ಕೆ 4.3 ಇತ್ತು. ಮೊನ್ನೆ ಊರಿಗೆ ಹೋದಾಗ ಇದನ್ನು ಅಮ್ಮನಿಗೆ ಹೇಳಿದೆ. ಅವಳು ಕಾಫಿ ಸೋಸುತ್ತಿದ್ದವಳು ಕೈ ನಿಲ್ಲಿಸಿ, "ಚಂದ್ರಂಗೆ ಬಿದ್ರೆ ಇಲ್ಲಿಗೆ ಕಾಣ್ತೈತಾ?" ಅಂದಳು. ಒಂದು ಮಿಂಚು ಕಾಣಬಹುದು ಅಂತಾರೆ ಅಂದೆ.

"ಪಾಪುನ ಎಬ್ಬಿಸ್ಕಂಡು ತೋರ್ಸು ಹಂಗಾದ್ರೆ," ಅಂದಳು.